ಸದರಿ ದೋಣಿ ವಿಹಾರದ ಬಗ್ಗೆ

ಸುತ್ತೋಲೆಪ್ಪನವರಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಸಂಬಳದ ಪಟ್ಟಿಯಲ್ಲಿ ಅದು ಈಗಲೂ ಇದೆ. ಆದರೆ ನೀರು ಸರಬರಾಜು ಕಚೇರಿಯ ರವಾನೆ ವಿಭಾಗದಲ್ಲಿ ಮೂವತ್ತು ವರ್ಷ ಕೂತು, ಒಳಗೆ ಬಂದ ಕಾಗದಕ್ಕೊಂದು ನಂಬರು, ಹೊರಗೆ ಹೋದ ಕಾಗದಕ್ಕೊಂದು ನಂಬರು, ಎರಡರ ನಡುವೆ ಕಳೆದುಹೋದ ಕಾಗದಕ್ಕೊಂದು ಜ್ಞಾಪನ ಪತ್ರ ಎಂದು ಬದುಕಿದ ಮನುಷ್ಯನಿಗೆ ಜನ ಇಟ್ಟ ಹೆಸರೇ ಖಾಯಂ ಆಗಿಬಿಡುತ್ತದೆ. ಅವರ ಕೈಗೆ ಪೆನ್ನು ಕೊಟ್ಟರೆ ಸಾಕು, ಸುತ್ತೋಲೆಯೇ ಹುಟ್ಟುತ್ತಿತ್ತು. ಮನೆಯ ಬಚ್ಚಲ ಬಾಗಿಲಿಗೆ ಅವರು ಅಂಟಿಸಿದ ಚೀಟಿ ಹೀಗಿತ್ತು: ‘ಸದರಿ ಬಾಗಿಲಿನ ಅಗುಳಿ ಸಡಿಲವಾಗಿರುವುದರಿಂದ ಒಳಗಿರುವವರು ಹಾಡುತ್ತಿರತಕ್ಕದ್ದು. ಪ್ರತಿ: ಮನೆಯ ಎಲ್ಲ ಸದಸ್ಯರಿಗೆ, ಮಾಹಿತಿಗಾಗಿ ಮತ್ತು ಸೂಕ್ತ ಕ್ರಮಕ್ಕಾಗಿ.’ ಮನೆಯಲ್ಲಿ ಇದ್ದವರು ಗಂಡ ಹೆಂಡತಿ ಇಬ್ಬರೇ.

ಹೆಂಡತಿ ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತವರು. ಅರ್ಧಚಂದ್ರದಷ್ಟು ಕೊರೆದ ಗಾಜಿನ ಕಿಂಡಿ, ಅದರ ಆಚೆ ಒಂದರ ಹಿಂದೊಂದು ಮುಖ. ಕಿಂಡಿಯಲ್ಲಿ ಬರುವುದೆಲ್ಲ ಪ್ರಶ್ನೆಯೇ. ಬಸ್ಸು ಎಷ್ಟು ಹೊತ್ತಿಗೆ, ಯಾಕೆ ಇನ್ನೂ ಬಂದಿಲ್ಲ ಎಂಬವು ಸುಲಭದವು. ‘ನಮ್ಮ ಅಳಿಯ ಬರ್ತೀನಿ ಅಂದಿದ್ದ, ಯಾವ ಬಸ್ಸಿಗೆ ಬರ್ತಾನೆ?’ ಎಂದು ಕೇಳುವವರಿದ್ದರು. ‘ಈ ಚೀಲ ಭಾರ ಅನ್ಸುತ್ತಾ ನೋಡಿ’ ಎಂದು ಕಿಂಡಿಯಲ್ಲಿ ಚೀಲ ತೂರಿಸುವವರಿದ್ದರು. ಅಷ್ಟು ವರ್ಷದಲ್ಲಿ ಆಕೆ ಒಬ್ಬರಿಗೂ ‘ಗೊತ್ತಿಲ್ಲ’ ಎಂದವರಲ್ಲ. ‘ಕೌಂಟರ್ ಮುಚ್ಚಿದೆ’ ಎಂದು ಬರೆದ ತಗಡಿನ ಬೋರ್ಡೊಂದನ್ನು ಇಲಾಖೆ ಕೊಟ್ಟಿತ್ತು. ಅದನ್ನು ಒಮ್ಮೆಯೂ ಹೊರಗೆ ಇಟ್ಟಿರಲಿಲ್ಲ. ಮೇಜಿನ ಒಂದು ಕಾಲು ಕುಂಟುತ್ತಿದ್ದುದರಿಂದ ಬೋರ್ಡು ಅದರಡಿಯಲ್ಲಿ ಸೇವೆ ಸಲ್ಲಿಸುತ್ತಿತ್ತು.

ಮನೆಗೆ ಬಂದರೂ ಕೌಂಟರು ಹಿಂದೆಯೇ ಬರುತ್ತಿತ್ತು. ಭಾನುವಾರ ಬೆಳಿಗ್ಗೆಯಂತೂ ಕೇಳಬೇಡಿ. ಪಕ್ಕದ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಕೊರಳಲ್ಲಿ ಸೀಟಿ ನೇತುಹಾಕಿಕೊಂಡು ಪೇಪರ್ ಓದಲು ಬಂದು, ತಾವು ಜನ್ಮದಲ್ಲಿ ಹತ್ತದ ಬಸ್ಸುಗಳ ವೇಳೆ ಕೇಳುತ್ತಿದ್ದರು. ಮೈಕ್‌ಸೆಟ್ ಅಂಗಡಿ ಇಟ್ಟುಕೊಂಡ ಭಾವಮೈದ ರಿಪೇರಿಗೆ ಬಂದ ಸ್ಪೀಕರು ಹೊತ್ತು ತಂದು, ‘ಅಕ್ಕಾ, ಸದ್ದು ಸರಿ ಇದೆಯಾ?’ ಎಂದು ಕೇಳುತ್ತಿದ್ದ. ಸುತ್ತೋಲೆಪ್ಪನವರ ದೊಡ್ಡಕ್ಕ, ತಮ್ಮನನ್ನು ಎತ್ತಿ ಆಡಿಸಿದ ಹಕ್ಕಿನಿಂದ ಬಂದು, ಮಿಕ್ಕಿದ್ದನ್ನೆಲ್ಲ ಕೇಳುತ್ತಿದ್ದರು.

ಒಂದು ಸಂಜೆ ಹೆಂಡತಿ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕಣ್ಣು ಮುಚ್ಚಿ ಹೇಳಿದರು. "ಒಂದು ದಿನ. ಪೂರ್ತಿ ದಿನಾನೂ ಬೇಡ, ಮೂರು ಗಂಟೆ. ಯಾರೂ ನನ್ನನ್ನ ಏನೂ ಕೇಳದೇ ಇರೋ ಕಡೆ ಸುಮ್ನೆ ಕೂತಿರ್ಬೇಕು ಅನ್ಸುತ್ತೆ ಕಣ್ರೀ."

"ಎಂಥಾ ಕಡೆ?" ಎಂದರು ಸುತ್ತೋಲೆಪ್ಪನವರು.

ಹೆಂಡತಿ ಒಂದು ಕಣ್ಣು ತೆರೆದರು. "ನೋಡಿ, ಕೇಳೇಬಿಟ್ರಲ್ಲ."

ಸುತ್ತೋಲೆಪ್ಪನವರಿಗೆ ಹೆಂಡತಿಯೆಂದರೆ ಪ್ರಾಣ. ಹಾಗೆಂದು ಬಾಯಿಬಿಟ್ಟು ಹೇಳಿದವರಲ್ಲ. ರವಾನೆ ವಿಭಾಗದವರು ಬೇರೆಯವರ ಮಾತನ್ನು ಮುಟ್ಟಿಸುವುದರಲ್ಲೇ ಮುದುಕರಾಗುತ್ತಾರೆ. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುವ ದಿನ ಬರುವ ಭಾನುವಾರವೇ ಬಿದ್ದಿತ್ತು. ಆ ರಾತ್ರಿ ಊಟ ಮಾಡುತ್ತಾ ಅವರಿಗೆ ಥಟ್ಟನೆ ಹೊಳೆಯಿತು: ನದಿ! ನಡುನೀರಿನಲ್ಲಿ ಯಾರು ಬಂದು ಏನು ಕೇಳಿಯಾರು? ಮೂವತ್ತು ವರ್ಷ ನೀರಿನ ಕಚೇರಿಯಲ್ಲಿದ್ದೂ ಅವರು ನೀರಿಗಿಳಿದವರಲ್ಲ, ಅದು ಬೇರೆ ಮಾತು.

ಮರುದಿನವೇ ಕಡವಿಗೆ ಹೋದರು. ಅಲ್ಲಿ ಜನರನ್ನು ದಡದಿಂದ ದಡಕ್ಕೆ ದಾಟಿಸುವ ಒಂದೇ ಒಂದು ದೋಣಿ. ಬಟ್ಟೆಯ ಚಪ್ಪರ, ಎರಡು ಸಾಲು ಹಲಗೆ, ಪಕ್ಕಕ್ಕೆ ಬಿಳಿ ಬಣ್ಣದಲ್ಲಿ ‘೧೪ ಜನ ಮಾತ್ರ’ ಎಂಬ ಬರಹ. ದೋಣಿಯವನು ಹುಟ್ಟಿಗೆ ಎಣ್ಣೆ ಬಳಿಯುತ್ತಾ ಕೂತಿದ್ದ.

"ಭಾನುವಾರ ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಪೂರ್ತಿ ದೋಣಿ ನಮ್ಮಿಬ್ಬರಿಗೇ ಬೇಕು," ಎಂದರು ಸುತ್ತೋಲೆಪ್ಪನವರು.

"ಆಗ್ಲಿ ಸ್ವಾಮಿ. ಆಚೆ ದಡಕ್ಕಾ?"

"ಅಲ್ಲ."

"ಕೆಳಗಡೆ ಸೇತುವೆ ತನಕಾನಾ?"

"ಅಲ್ಲಿಗೂ ಅಲ್ಲ. ಎಲ್ಲಿಗೂ ಹೋಗೋದಲ್ಲಪ್ಪ. ಸುಮ್ನೆ ನೀರಿನ ಮೇಲೆ ಇರೋದು. ನಿಧಾನವಾಗಿ."

ದೋಣಿಯವನು ಎಣ್ಣೆಬಟ್ಟೆ ಕೆಳಗಿಟ್ಟ. "ಎಲ್ಲಿಗೂ ಹೋಗದೇ ಇರೋದಕ್ಕೆ ದೋಣಿ ಯಾಕೆ ಸ್ವಾಮಿ? ಮನೇಲೇ ಇರಬಹುದಲ್ಲ."

"ಮನೇಲಿ ಇರೋಕ್ಕೆ ಆಗೋದಿಲ್ಲ ಅಂತಾನೇ ಬಂದಿರೋದು."

"ನಿಧಾನ ಅಂದ್ರೆ ಎಷ್ಟು ನಿಧಾನ?"

ಸುತ್ತೋಲೆಪ್ಪನವರು ಯೋಚಿಸಿ, ತಮಗೆ ತಿಳಿದ ಅಳತೆಯನ್ನೇ ಹೇಳಿದರು. "ನಮ್ಮ ಕಚೇರೀಲಿ ಫೈಲು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತಲ್ಲ, ಅಷ್ಟು."

"ಹಾಗಾದ್ರೆ ಲಂಗರು ಹಾಕಿಬಿಡ್ತೀನಿ," ಎಂದ ದೋಣಿಯವನು.

"ಹಾಗಲ್ಲ, ಹೋಗ್ತಾ ಇರಬೇಕು, ಆದ್ರೆ ಹೋದ ಹಾಗೆ ಅನ್ನಿಸಬಾರದು. ನಾನು ‘ಇನ್ನೂ ನಿಧಾನ’ ಅಂದ್ರೆ ಇನ್ನೂ ನಿಧಾನ. ಮತ್ತೆ ಬಹಳ ಮುಖ್ಯವಾದ್ದು, ನಮ್ಮನೆಯವರನ್ನ ನೀನು ಏನೂ ಕೇಳಬಾರದು."

"ಏನೂ ಅಂದ್ರೆ? ‘ಅಮ್ಮಾವ್ರೇ ಕೂತ್ಕೊಳ್ತೀರಾ’ ಅಂತಾನೂ?"

"ಉಹೂಂ. ‘ಅಮ್ಮಾವ್ರು ಕೂತ್ಕೊಳ್ಳಬಹುದು’ ಅಂತ ಹೇಳು. ಹೇಳಬಹುದು, ಕೇಳಬಾರದು."

ದೋಣಿಯವನು ಇದನ್ನು ಎರಡು ಸಲ ಬಾಯಲ್ಲಿ ಹೇಳಿಕೊಂಡು ಗಟ್ಟಿ ಮಾಡಿಕೊಂಡ. ಆಮೇಲೆ ತಾನು ಸ್ವಭಾವದಿಂದಲೇ ಮಾತು ಕಡಿಮೆಯವನೆಂದು ತಿಳಿಸಿ, ಅದನ್ನು ವಿವರಿಸಲು ಮುಕ್ಕಾಲು ಗಂಟೆ ತೆಗೆದುಕೊಂಡ.

ಇಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಇಲ್ಲಿಗೆ ಬಿಟ್ಟಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ. ಆದರೆ ಸುತ್ತೋಲೆಪ್ಪನವರು ಕಚೇರಿಗೆ ಬಂದು ಕುರ್ಚಿಯಲ್ಲಿ ಕೂತಾಗ ಒಂದು ಸಂಶಯ ಬಂತು. ಆ ಭಾನುವಾರ ಡ್ರಿಲ್ ಮೇಷ್ಟ್ರು, ಭಾವಮೈದ, ದೊಡ್ಡಕ್ಕ ಎಂದಿನಂತೆ ಮನೆಗೆ ಬಂದು ಬಾಗಿಲು ತಟ್ಟಿದರೆ? ಹೊರಡುವ ಹೊತ್ತಿಗೆ ಅಡ್ಡ ಸಿಕ್ಕಿದರೆ? ಮೊದಲೇ ತಿಳಿಸಿಬಿಡುವುದು ಕ್ಷೇಮ. ಬಾಯಲ್ಲಿ ಹೇಳಿದರೆ ಸಾಲದು, ಬಾಯಲ್ಲಿ ಹೇಳಿದ್ದಕ್ಕೆ ನಂಬರು ಇರುವುದಿಲ್ಲ. ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ಸುತ್ತೋಲೆಪ್ಪನವರು ಅದನ್ನು ಟೈಪು ಮಾಡಿ ಬಿಟ್ಟುಕೊಂಡರು.

‘ವಿಷಯ: ಭಾನುವಾರ ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ನದಿಯಲ್ಲಿ ನಿಧಾನಗತಿಯ ದೋಣಿ ವಿಹಾರದ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಕಡವಿನ ದೋಣಿಯನ್ನು ಪೂರ್ತಿಯಾಗಿ ಗೊತ್ತುಪಡಿಸಲಾಗಿದ್ದು, ಸದರಿ ವೇಳೆಯಲ್ಲಿ ಸದರಿ ದಂಪತಿಗಳು ಸದರಿ ಮನೆಯಲ್ಲಿ ಲಭ್ಯವಿರುವುದಿಲ್ಲವೆಂದು ಈ ಮೂಲಕ ತಿಳಿಯಪಡಿಸಲಾಗಿದೆ.’

ಅಷ್ಟೇ ಇದ್ದರೆ ಹೊಟ್ಟೆಗೆ ಹಾಲು ಹೊಯ್ದಂತಿರುತ್ತಿತ್ತು. ಆದರೆ ಮೂವತ್ತು ವರ್ಷದ ಕೈ ಕೇಳಬೇಕಲ್ಲ, ಅದು ತಾನಾಗಿ ಕೆಳಗಿಳಿದು ಬರೆಯಿತು: ‘ಪ್ರತಿಗಳು: ಒಂದು, ಡ್ರಿಲ್ ಮೇಷ್ಟ್ರಿಗೆ. ಎರಡು, ಭಾವಮೈದನಿಗೆ. ಮೂರು, ದೊಡ್ಡಕ್ಕನಿಗೆ. ಮಾಹಿತಿಗಾಗಿ ಮತ್ತು ಸೂಕ್ತ ಕ್ರಮಕ್ಕಾಗಿ. ನಾಲ್ಕು, ಕಚೇರಿ ಪ್ರತಿ.’ ರವಾನೆ ವಹಿಯಲ್ಲಿ ನಂಬರೂ ಬಿತ್ತು. ನಂಬರು ಬಿದ್ದ ಕಾಗದದ ಕಚೇರಿ ಪ್ರತಿಯನ್ನು ಜವಾನ ಸಂಜೆಯೊಳಗೆ ಸೂಚನಾ ಫಲಕಕ್ಕೆ ಹಾಕತಕ್ಕದ್ದು ಎಂದು ನಿಯಮವಿತ್ತು. ಜವಾನ ಹಾಕಿದ. ಆ ನಿಯಮ ಮಾಡಿದವರು ಸುತ್ತೋಲೆಪ್ಪನವರೇ.

ಮೊದಲು ಸೂಕ್ತ ಕ್ರಮ ಕೈಗೊಂಡವರು ಡ್ರಿಲ್ ಮೇಷ್ಟ್ರು. ಮರುದಿನ ಬೆಳಿಗ್ಗೆ ಸುತ್ತೋಲೆಪ್ಪನವರು ಬಾಗಿಲು ತೆಗೆದರೆ ಪಕ್ಕದ ಅಂಗಳದ ತುಂಬ ಲಾರಿ ಚಕ್ರದ ಟ್ಯೂಬುಗಳು. ಮೇಷ್ಟ್ರು ಒಂದರ ಬಾಯಿಗೆ ಪಂಪು ಹಚ್ಚಿ ಗಾಳಿ ತುಂಬುತ್ತಿದ್ದರು.

"ಮೇಷ್ಟ್ರೇ, ಇದೇನು?"

"ಇದೇನು ಅಂತ ನೀವು ಕೇಳಬಾರದು. ಸೂಕ್ತ ಕ್ರಮ ಅಂತ ಬರೆದೋರು ಯಾರು? ನದಿ ಅಂದ ಮೇಲೆ ಸುರಕ್ಷತೆ. ನನ್ನ ನಂಬರು ಒಂದು ಅಂತ ಹಾಕಿದೀರಿ, ಆ ನಂಬಿಕೆ ಉಳಿಸಿಕೊಳ್ಳಬೇಕಲ್ಲ." ಮೇಷ್ಟ್ರು ಪಂಪು ಬಿಟ್ಟು ಕಣ್ಣೊರೆಸಿಕೊಂಡರು. "ರಿಟೈರ್ ಆದ ಮೇಲೆ ನನಗೆ ಯಾರೂ ಒಂದು ಸುತ್ತೋಲೆ ಕಳಿಸಿರಲಿಲ್ಲ ಕಣ್ರೀ. ನಾನೂ ನಮ್ಮನೆಯವಳೂ ಏಳೂವರೆಗೇ ಕಡವಿನಲ್ಲಿರ್ತೀವಿ."

ಕಣ್ಣೊರೆಸಿಕೊಂಡ ಮನುಷ್ಯನಿಗೆ ‘ನೀವು ಬರಬೇಡಿ’ ಎನ್ನುವುದು ಹೇಗೆ? ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಸುತ್ತೋಲೆಪ್ಪನವರು ಪಂಪು ಹಿಡಿದುಕೊಂಡು ಎರಡು ಟ್ಯೂಬಿಗೆ ಗಾಳಿ ಹೊಡೆದು ಕಚೇರಿಗೆ ಹೋದರು.

ಮಧ್ಯಾಹ್ನ ಭಾವಮೈದ ಕಚೇರಿಯ ಫೋನಿಗೇ ಬಂದ. "ಭಾವಾ, ಕಾಗದ ಬಂತು. ನೀವು ಬಾಯಿಬಿಟ್ಟು ಹೇಳೋರಲ್ಲ, ಆದ್ರೆ ನನಗೆ ಅರ್ಥ ಆಯ್ತು. ಇಪ್ಪತ್ತೈದನೇ ವರ್ಷ! ಎರಡು ಸ್ಪೀಕರು ಮುಂದೆ, ಎರಡು ಹಿಂದೆ, ಬ್ಯಾಟರಿ ನಡುವೆ. ದೋಣಿ ನಿಧಾನ ಅಂದಿದೀರಲ್ಲ, ಒಳ್ಳೇದೇ ಆಯ್ತು, ಎರಡೂ ದಡದೋರಿಗೆ ಪೂರ್ತಿ ಹಾಡು ಕೇಳುತ್ತೆ."

"ಅಯ್ಯೋ ಮಾರಾಯ, ನಿಮ್ಮಕ್ಕನಿಗೆ ಸದ್ದು ಬೇಡಾಂತಲೇ..."

"ಸದ್ದು ಜಾಸ್ತಿ ಇಡಲ್ಲ ಭಾವಾ. ಇಟ್ಟಾದ ಮೇಲೆ ಅಕ್ಕನ್ನೇ ಕೇಳೋಣ, ಸಾಕಾ ಅಂತ."

ಫೋನಿಟ್ಟು ತಿರುಗಿದರೆ ಎದುರಿಗೆ ಸೂಪರಿಂಟೆಂಡೆಂಟ್ ಸಾಹೇಬರು. ಕೈಯಲ್ಲಿ ಸೂಚನಾ ಫಲಕದಿಂದ ಕಿತ್ತು ತಂದ ಕಾಗದ, ನಾಲ್ಕು ಮೂಲೆಯಲ್ಲೂ ಗುಂಡುಸೂಜಿ ಹಾಗೇ ಇತ್ತು. ಸಾಹೇಬರು ಹುಟ್ಟಿದ ಮೇಲೆ ಯಾವ ಕಾಗದಕ್ಕೂ ತಿದ್ದುಪಡಿ ಸೂಚಿಸದೆ ಬಿಟ್ಟವರಲ್ಲ.

"ಏನ್ರೀ ಇದು, ಫಲಕದಲ್ಲಿ ಹಾಕಿದೀರಿ, ಅಂದ್ರೆ ಸಿಬ್ಬಂದಿಗೆಲ್ಲ ಅನ್ವಯ. ಆದ್ರೆ ಎಷ್ಟು ಗಂಟೆಗೆ ಎಲ್ಲಿ ಸೇರಬೇಕು ಅಂತಲೇ ಬರೆದಿಲ್ಲ. ನಿಮ್ಮಂಥ ಹಳಬರೇ ಹೀಗೆ ಮಾಡಿದ್ರೆ ಹೇಗೆ?"

"ಸಾರ್, ಅದು ಸಿಬ್ಬಂದಿಗಲ್ಲ ಸಾರ್. ನನ್ನ ಸ್ವಂತದ್ದು."

"ಸ್ವಂತದ್ದಕ್ಕೆ ರವಾನೆ ನಂಬರು ಯಾಕೆ ಹಾಕಿದಿರಿ?"

ಸುತ್ತೋಲೆಪ್ಪನವರು ಬೆವರು ಒರೆಸಿಕೊಂಡು, ತಪ್ಪು ಸರಿಪಡಿಸಲು ತಮಗೆ ಗೊತ್ತಿದ್ದ ಒಂದೇ ಉಪಾಯವನ್ನು ಹೂಡಿದರು. ಇನ್ನೊಂದು ಸುತ್ತೋಲೆ ಹೊರಡಿಸಿದರು: ‘ಸದರಿ ದೋಣಿ ವಿಹಾರಕ್ಕೆ ಯಾರೂ ಹಾಜರಾಗುವ ಅಗತ್ಯವಿರುವುದಿಲ್ಲ.’ ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎಂಬಂತಾಯಿತು. ಸಾಹೇಬರು ಅದನ್ನು ಓದಿ, ಕನ್ನಡಕ ತೆಗೆದು, ಇಡೀ ವಿಭಾಗಕ್ಕೆ ವಿವರಿಸಿದರು. "ಅಗತ್ಯವಿಲ್ಲ ಅಂದ್ರೆ ಕಡ್ಡಾಯ ಅಲ್ಲ ಅಂತ ಅರ್ಥ. ಕಡ್ಡಾಯ ಅಲ್ಲ ಅಂದ್ರೆ ಇಷ್ಟ ಇದ್ದೋರು ಬರಬಹುದು. ಈಗ ಸರಿಯಾಯ್ತು ನೋಡಿ, ಸ್ಪಷ್ಟವಾಗಿದೆ." ಸಾಹೇಬರಿಗೂ ಅವರ ಮನೆಯವರಿಗೂ ಇಷ್ಟವಿತ್ತು. ವಿಭಾಗದ ಐದು ಜನರಿಗೆ ಸಾಹೇಬರಿಗೆ ಇಷ್ಟವಾದದ್ದೆಲ್ಲ ಇಷ್ಟ.

ಇಷ್ಟಾದರೂ ಸುತ್ತೋಲೆಪ್ಪನವರಿಗೆ ಒಂದು ಸಮಾಧಾನವಿತ್ತು. ಹೆಂಡತಿಗೆ ಇದೊಂದೂ ಗೊತ್ತಿಲ್ಲ. ಇನ್ನೂ ಮೂರು ದಿನವಿದೆ, ಹೇಗಾದರೂ ಎಲ್ಲರನ್ನೂ ತಪ್ಪಿಸಿದರಾಯಿತು. ಹಾಗೆಂದುಕೊಂಡು ಆ ಸಂಜೆ ಮನೆಗೆ ಬಂದರೆ ಹೆಂಡತಿ ಚಪ್ಪಲಿಯನ್ನೂ ಬಿಡದೆ ಹಜಾರದ ಕುರ್ಚಿಯಲ್ಲಿ ಕೂತಿದ್ದರು.

"ಇವತ್ತು ಕೌಂಟರಿಗೆ ನಿಮ್ಮ ದೊಡ್ಡಕ್ಕ ಬಂದಿದ್ರು," ಎಂದರು.

"ಹೌದಾ? ಯಾವ ಊರಿಗೆ ಹೊರಟಿದ್ರಂತೆ?"

"ಯಾವ ಊರಿಗೂ ಇಲ್ಲ. ಕ್ಯೂನಲ್ಲಿ ನಿಂತೇ ಬಂದ್ರು, ಅವರ ಹಿಂದೆ ಹನ್ನೆರಡು ಜನ. ಕಿಂಡೀಲಿ ಮುಖ ಇಟ್ಟು, ‘ಭಾನುವಾರದ ದೋಣಿ ಎಷ್ಟು ಹೊತ್ತಿಗೆ ಬಿಡುತ್ತೆ?’ ಅಂದ್ರು. ಇಲ್ಲಿ ಬಸ್ಸಿನ ವಿಚಾರ ಮಾತ್ರ ಅತ್ತಿಗೆ ಅಂದೆ. ‘ನಿನ್ನದೇ ದೋಣಿ ಕಣೇ, ನಿನಗೆ ಗೊತ್ತಿಲ್ವಾ?’ ಅಂದ್ರು. ಹನ್ನೆರಡು ಜನದ ಮುಂದೆ, ಇಪ್ಪತ್ತೆರಡು ವರ್ಷದಲ್ಲಿ ಮೊದಲ್ನೇ ಸಲ, ‘ಗೊತ್ತಿಲ್ಲ’ ಅಂದೆ ಕಣ್ರೀ."

ಸುತ್ತೋಲೆಪ್ಪನವರು ಎದುರಿನ ಸ್ಟೂಲಿನ ಮೇಲೆ ಕೂತರು.

"ಆಮೇಲೆ ಅವರೇ ಕಾಗದ ತೋರಿಸಿದ್ರು. ತಮ್ಮ ಹೆಸರು ಡ್ರಿಲ್ ಮೇಷ್ಟ್ರ ಕೆಳಗೆ, ಮೂರನೇದಾಗಿ ಹಾಕಿದೀರಿ ಅಂತ ಅವರಿಗೆ ಬೇಜಾರು. ಎತ್ತಿ ಆಡಿಸಿದೋಳು ನಾನು, ಸೀಟಿ ಊದೋನು ಮೊದಲ್ನೇದಾ, ಅಂತ ಕಿಂಡೀಲೇ ಅತ್ರು. ಅವರು, ಅವರ ಯಜಮಾನರು, ಅವರತ್ತೆ, ಮೂರೂ ಜನ ಬರ್ತಾರಂತೆ. ಮೇಷ್ಟ್ರಿಗೆ ಪ್ರತಿ ಹೋಗಿದೆ. ನನ್ನ ತಮ್ಮನಿಗೆ ಹೋಗಿದೆ. ನಿಮ್ಮ ಆಫೀಸಿನ ಗೋಡೆಗೂ ಒಂದು ಹೋಗಿದೆ. ನನಗೆ?"

"ನಿನಗೆ ಪ್ರತಿ ಇಲ್ಲ ಕಣೇ, ಯಾಕಂದ್ರೆ..."

ಯಾಕೆಂದು ಕೇಳಲು ಹೆಂಡತಿ ಅಲ್ಲಿರಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು. ಸುತ್ತೋಲೆಪ್ಪನವರು ಬಾಗಿಲ ಮುಂದೆ ಹತ್ತು ನಿಮಿಷ ನಿಂತರು. ಏನಾದರೂ ಕೇಳೋಣವೆಂದರೆ ಕೇಳಬಾರದು ಎಂಬುದೇ ಆಕೆಯ ಆಸೆ. ಕೊನೆಗೆ ಅಂಗಿಯ ಒಳಜೇಬನ್ನೊಮ್ಮೆ ಮುಟ್ಟಿ ನೋಡಿಕೊಂಡು, ಬಕೆಟ್ಟಿನಲ್ಲಿ ಬಿಸಿನೀರು ತಂದು ಬಾಗಿಲ ಬಳಿ ಇಟ್ಟು, ‘ನೀರು ಬಿಸಿ ಇದೆ’ ಎಂದಷ್ಟೇ ಹೇಳಿ ಹೋದರು.

ಮಿಕ್ಕ ದಿನಗಳಲ್ಲಿ ತಪ್ಪಿಸುವ ಪ್ರಯತ್ನ ಮಾಡದೆ ಇರಲಿಲ್ಲ. ಮೇಷ್ಟ್ರಿಗೆ ನದಿಯಲ್ಲಿ ಸೆಳವು ಜಾಸ್ತಿ ಎಂದರು, ಮೇಷ್ಟ್ರು ಇನ್ನೆರಡು ಟ್ಯೂಬು ತಂದರು. ಭಾವಮೈದನಿಗೆ ನೀರು ತಗುಲಿದರೆ ಸ್ಪೀಕರು ಹಾಳಾಗುತ್ತದೆ ಎಂದರು, ಅವನು ಸ್ಪೀಕರಿಗೆಲ್ಲ ಪ್ಲಾಸ್ಟಿಕ್ಕಿನ ಟೋಪಿ ಹೊಲಿಸಿದ. ದೊಡ್ಡಕ್ಕನ ಹತ್ತಿರ ಹೋಗಿ, "ಬಿಸಿಲು ಕಣಕ್ಕಾ, ನಿಮ್ಮತ್ತೆಯವರಿಗೆ ತಡೆಯೋದಿಲ್ಲ," ಎಂದರೆ, "ನಮ್ಮತ್ತೆ ಚಿಂತೆ ನಿನಗೆ ಈಗ ಬಂತಾ? ಮೂರನೇ ನಂಬರು ಹಾಕುವಾಗ ಎಲ್ಲಿಗೆ ಹೋಗಿತ್ತು?" ಎಂದು ಮತ್ತೆ ಮೊದಲಿನಿಂದ ಅತ್ತರು.

ಭಾನುವಾರ ಬೆಳಗಾಯಿತು. ಹೆಂಡತಿ ಒಳ್ಳೆಯ ಸೀರೆಯನ್ನೇ ಉಟ್ಟು ಬಂದರು, ಆದರೆ ದಾರಿಯುದ್ದಕ್ಕೂ ಗಂಡನಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದರು. ಇಬ್ಬರೂ ಕಡವಿಗೆ ಬಂದಾಗ ಅಲ್ಲಿ ಜಾತ್ರೆಯೇ ನೆರೆದಿತ್ತು. ಮೇಷ್ಟ್ರ ಮನೆಯವರು ಇಬ್ಬರು. ಭಾವಮೈದ, ಅವನ ಹೆಂಡತಿ ಇಬ್ಬರು. ದೊಡ್ಡಕ್ಕನ ಕಡೆ ಮೂವರು. ಸಾಹೇಬರ ದಂಪತಿ ಇಬ್ಬರು, ವಿಭಾಗದವರು ಐವರು. ಎಲ್ಲ ಸೇರಿ ಹದಿನಾಲ್ಕು ತಲೆ. ಮೇಲೆ ಸದರಿ ದಂಪತಿಗಳಿಬ್ಬರು.

ದೋಣಿಯವನು ಸುತ್ತೋಲೆಪ್ಪನವರನ್ನು ಪಕ್ಕಕ್ಕೆ ಕರೆದ. "ಇಬ್ಬರು ಅಂದಿದ್ರಲ್ಲ ಸ್ವಾಮಿ. ಹದಿನಾರು ಜನ ಆಗೋದಿಲ್ಲ. ಹದಿನಾಲ್ಕರ ಮೇಲೆ ಒಂದು ಕೋಳಿ ಹತ್ತಿದ್ರೂ ನಾನು ಹುಟ್ಟು ಹಾಕೋನಲ್ಲ."

ಈ ಸುದ್ದಿ ಹಬ್ಬಿದ ಕೂಡಲೇ ಇಬ್ಬರು ಹಿಂದೆ ಉಳಿಯಬೇಕೆಂಬುದನ್ನು ಎಲ್ಲರೂ ಒಪ್ಪಿದರು. ಆ ಇಬ್ಬರು ಯಾರೆಂಬುದರಲ್ಲಿ ಮಾತ್ರ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಸಾಹೇಬರು ಸೇವಾ ಹಿರಿತನದ ಪಟ್ಟಿ ಮಾಡೋಣ ಎಂದರು. ದೊಡ್ಡಕ್ಕ ಎತ್ತಿ ಆಡಿಸಿದ ಹಿರಿತನ ಲೆಕ್ಕಕ್ಕೆ ಬರುತ್ತದೆಯೇ ಇಲ್ಲವೇ ಎಂದು ಕೇಳಿದರು. ಮೇಷ್ಟ್ರು ಸೀಟಿ ಊದಿ, "ಎತ್ತರದ ಪ್ರಕಾರ ಸಾಲಾಗಿ ನಿಲ್ಲಿ!" ಎಂದರು. ಭಾವಮೈದ ಮೈಕಿನಲ್ಲಿ, "ಹಲೋ, ಹಲೋ, ದಯವಿಟ್ಟು ಇಬ್ಬರು ಇಳಿಯಬೇಕು," ಎಂದು ಸಾರಿದ. ಇನ್ನೂ ಯಾರೂ ಹತ್ತಿಯೇ ಇರಲಿಲ್ಲ.

ಅಷ್ಟರಲ್ಲಿ ಎಲ್ಲರಿಗೂ ಒಟ್ಟಿಗೆ ನೆನಪಾಯಿತು, ಇಂಥ ಗೊಂದಲ ಬಿಡಿಸುವವರು ಇಲ್ಲೇ ಇದ್ದಾರಲ್ಲ. ಹದಿನಾಲ್ಕು ಮುಖವೂ ಸುತ್ತೋಲೆಪ್ಪನವರ ಹೆಂಡತಿಯ ಕಡೆ ತಿರುಗಿತು.

"ಅಕ್ಕಾ, ಬ್ಯಾಟರಿ ಎಲ್ಲಿ ಇಡ್ಲಿ?"

"ಅಮ್ಮಾ, ಯಾವ ಕಡೆ ಕೂತ್ರೆ ಬಿಸಿಲು ಬೀಳೋದಿಲ್ಲ?"

"ಕೇಳಿಸ್ತಾ, ನಮ್ಮತ್ತೆಗೆ ಕಾಲು ಚಾಚೋಕೆ ಜಾಗ ಎಲ್ಲಿದೆ?"

"ನದಿ ಎಷ್ಟು ಆಳ ಇದೆ ಮೇಡಂ?"

ಸುತ್ತೋಲೆಪ್ಪನವರು ಒಂದು ಹೆಜ್ಜೆ ಹಿಂದೆ ಸರಿದರು. ಮೂರು ಗಂಟೆ ಯಾರೂ ಏನೂ ಕೇಳಬಾರದು ಎಂದವಳಿಗೆ ತಾವು ಕೈಯಾರೆ ಹದಿನಾಲ್ಕು ಜನರ ಕ್ಯೂ ಕಟ್ಟಿ ತಂದು ನಿಲ್ಲಿಸಿದ್ದರು, ಅದೂ ನಂಬರು ಹಾಕಿ. ಇವಳು ಇನ್ನು ಜನ್ಮದಲ್ಲಿ ತನ್ನನ್ನು ಕ್ಷಮಿಸುವುದಿಲ್ಲ ಎಂದುಕೊಂಡರು.

ಆದರೆ ಹೆಂಡತಿ ಒಂದು ಸಲ ದೋಣಿಯನ್ನು ನೋಡಿದರು. ಪಕ್ಕದಲ್ಲಿ ಬರೆದ ಹದಿನಾಲ್ಕನ್ನು ಓದಿದರು. ಮನಸ್ಸಿನಲ್ಲೇ ತಲೆ ಎಣಿಸಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ದೋಣಿಯ ಹಲಗೆಯ ಬಳಿ ನಿಂತು, ಇಪ್ಪತ್ತೆರಡು ವರ್ಷ ಪಳಗಿದ ಆ ಕೌಂಟರಿನ ದನಿ ತೆಗೆದರು.

"ಸಾಲಾಗಿ ಬನ್ನಿ. ಅತ್ತೆಯವರು ಮೊದಲು, ಎಡಗಡೆ ಹಿಂದಿನ ಹಲಗೆ, ಕಾಲು ಚಾಚಬಹುದು. ಅತ್ತಿಗೆ ಅವರ ಪಕ್ಕ, ಇವತ್ತು ನಿಮ್ಮನೇದೇ ಮೊದಲ್ನೇ ನಂಬರು. ಬ್ಯಾಟರಿ ಚಪ್ಪರದ ಕಂಬದ ಹತ್ತಿರ. ಸಾಹೇಬರು ಬಲಗಡೆ, ನೆರಳು. ಆಳ ಎರಡಾಳು, ಯಾರೂ ಬಗ್ಗಬಾರದು. ಮೇಷ್ಟ್ರೇ, ಟ್ಯೂಬು ಒಬ್ಬರಿಗೆ ಒಂದು ಕೊಡಿ. ಮುಂದೆ ಬನ್ನಿ. ನೆಕ್ಸ್ಟ್."

ಐದು ನಿಮಿಷದಲ್ಲಿ ಹದಿನಾಲ್ಕು ಜನರೂ ಸೊಂಟಕ್ಕೊಂದು ಟ್ಯೂಬು ಸಿಕ್ಕಿಸಿಕೊಂಡು ತಮ್ಮ ತಮ್ಮ ಜಾಗದಲ್ಲಿ ಕೂತಿದ್ದರು. ತಮಗೆ ಜಾಗ ಸಿಕ್ಕಿತೆಂಬ ಸಂತೋಷದಲ್ಲಿ ಯಾರೂ ಮಿಕ್ಕವರನ್ನು ಎಣಿಸಲಿಲ್ಲ.

"ಅಮ್ಮಾ, ನೀವು ಹತ್..." ಎಂದ ದೋಣಿಯವನು ನಾಲಿಗೆ ಕಚ್ಚಿಕೊಂಡ. ಕೊಟ್ಟ ಮಾತು ನೆನಪಾಯಿತು. ಗಂಟಲು ಸರಿಮಾಡಿಕೊಂಡು, "ಅಮ್ಮಾವ್ರು ಹತ್ತಬಹುದು," ಎಂದ.

"ಅಮ್ಮಾವ್ರು ಹತ್ತೋದಿಲ್ಲ," ಎಂದರು ಹೆಂಡತಿ. ಗೂಟದಿಂದ ಹಗ್ಗ ಬಿಚ್ಚಿ ಅವನ ಕೈಗೆ ಎಸೆದರು. "ನಮ್ಮನೆಯವರು ನಿಧಾನ ಅಂತ ಹೇಳಿದಾರಲ್ಲ, ಅದನ್ನ ಮರೀಬೇಡ."

ದೋಣಿ ದಡ ಬಿಟ್ಟು ಇಪ್ಪತ್ತು ಮಾರು ಹೋದ ಮೇಲೆ ದೊಡ್ಡಕ್ಕ, "ಅಯ್ಯೋ, ಅವರಿಬ್ಬರು!" ಎಂದರು. ಭಾವಮೈದ ಅದೇ ಹೊತ್ತಿಗೆ ಹಾಡು ಹಾಕಿದ್ದರಿಂದ ಮುಂದಿನದು ಕೇಳಿಸಲಿಲ್ಲ. ಹಾಡು ಸಣ್ಣದಾಗುತ್ತಾ ತಿರುವಿನಾಚೆ ಹೋಗಿ ಇಲ್ಲವಾಯಿತು.

ಕಡವು ಖಾಲಿ. ಇಡೀ ಊರಿನಲ್ಲಿ ಅವರನ್ನು ಏನಾದರೂ ಕೇಳುವಂಥ ಜನವೆಲ್ಲ ನೀರಿನ ಮೇಲಿತ್ತು. ದಂಡೆಯ ಮೇಲೆ ಮಿಕ್ಕಿದ್ದ ಎರಡು ಟ್ಯೂಬುಗಳನ್ನು ಸುತ್ತೋಲೆಪ್ಪನವರು ಎಳೆದು ತಂದು ನೆರಳಿಗೆ ಹಾಕಿದರು. ಇಬ್ಬರೂ ಕೂತರು. ನೀರು ಕಲ್ಲಿಗೆ ಬಡಿಯುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ಸುತ್ತೋಲೆಪ್ಪನವರ ನಾಲಿಗೆಯ ತುದಿಗೆ ಪ್ರಶ್ನೆಗಳು ಬಂದು ನಿಂತವು. ಕೋಪ ಹೋಯಿತಾ? ಕಾಫಿ ಬೇಕಾ? ಇದು ಪರವಾಗಿಲ್ಲವಾ? ಒಂದೊಂದನ್ನೂ ನುಂಗಿದರು. ಮನುಷ್ಯನ ಮಾತಿನಲ್ಲಿ ಕೇಳುವುದು ಎಷ್ಟು, ಹೇಳುವುದು ಎಷ್ಟು ಎಂದು ಅವರಿಗೆ ಅಂದೇ ಗೊತ್ತಾದದ್ದು. ಕೊನೆಗೆ ಮನೆಯಿಂದ ತಂದಿದ್ದ ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ, "ಕಾಫಿ ಇದೆ," ಎಂದರು. ಹೆಂಡತಿ ತೆಗೆದುಕೊಂಡರು. ಆಮೇಲೆ ಒಳಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಕೊಟ್ಟರು.

"ನಿನಗೆ ಪ್ರತಿ ಇಲ್ಲ ಅಂದೆನಲ್ಲ, ಅದಕ್ಕೆ ಕಾರಣ ಇದು. ಇದು ಮೂಲ. ಎಲ್ಲಕ್ಕಿಂತ ಮೊದಲು ಬರೆದದ್ದು ಇದನ್ನೇ."

ಹೆಂಡತಿ ಕನ್ನಡಕ ಹಾಕಿಕೊಂಡು ಓದಿದರು. ‘ಇವರಿಗೆ: ನನ್ನ ಹೆಂಡತಿ. ವಿಷಯ: ಮೂರು ಗಂಟೆ ಕಾಲ ಯಾರೂ ಏನೂ ಕೇಳದಿರುವ ಬಗ್ಗೆ. ಉಲ್ಲೇಖ: ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ತಾವು ಆಡಿದ ಮಾತು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿಯವರಿಗೆ ನಾನು ಹೇಳಬೇಕಾದ್ದು ಇಪ್ಪತ್ತೈದು ವರ್ಷಗಳಿಂದ ಬಹಳವಿದ್ದು, ರವಾನೆಯಾಗದೆ ನನ್ನಲ್ಲೇ ಉಳಿದಿರುತ್ತದೆ. ಊರಿನವರೆಲ್ಲರ ಪ್ರಶ್ನೆಗೆ ಉತ್ತರ ಹೇಳಿ ಬಂದ ಮೇಲೂ ತಾವು ಒಂದು ದಿನವಾದರೂ ನನ್ನ ಮೇಲೆ ರೇಗಿದ್ದಿಲ್ಲ. ಇದು ಹೇಗೆಂದು ನನಗೆ ಈವರೆಗೂ ತಿಳಿದಿರುವುದಿಲ್ಲ. ತಮ್ಮ ಜೊತೆ ಸುಮ್ಮನೆ ಕೂತಿರುವುದೇ ನನಗೆ ಸಾಕಾಗಿರುತ್ತದೆ. ಪ್ರತಿ: ಯಾರಿಗೂ ಇಲ್ಲ.’

ಹೆಂಡತಿ ಓದಿದ್ದನ್ನೇ ಮತ್ತೆ ಓದಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಕಣ್ಣನ್ನೂ ಒರೆಸಿದರು. "ಸದರಿಯವರಂತೆ," ಎಂದು ನಗಲು ಶುರು ಮಾಡಿದರು. ನಕ್ಕು ನಕ್ಕು ಟ್ಯೂಬಿನಿಂದ ಜಾರಿದರು. ಸುತ್ತೋಲೆಪ್ಪನವರು ಕೈ ಹಿಡಿದು ಎತ್ತಿ ಕೂರಿಸಿದರು, ಮತ್ತೆ ಕೈ ಬಿಡುವುದನ್ನು ಮರೆತರು. ಎಷ್ಟು ಹೊತ್ತು ಹಾಗೆ ಕೂತಿದ್ದರೋ ಇಬ್ಬರೂ ಗಡಿಯಾರ ನೋಡಲಿಲ್ಲ.

ದೂರದ ತಿರುವಿನಲ್ಲಿ ಸಣ್ಣಗೆ ಹಾಡು ಕೇಳಿಸಿತು. ಆಮೇಲೆ ಸೀಟಿ. ಚಪ್ಪರದ ತುದಿ ಕಾಣಿಸಿಕೊಂಡಿತು. ಗಡಿಯಾರ ನೋಡಿದರೆ ಇನ್ನೂ ಒಂಬತ್ತೂವರೆ! ದೋಣಿಯಲ್ಲಿದ್ದವರು ಕೈ ಬೀಸುತ್ತಾ ಏನೇನೋ ಕೂಗುತ್ತಿದ್ದರು. ಭಾವಮೈದ ಹಾಡು ನಿಲ್ಲಿಸಿ ಮೈಕು ಹಿಡಿದ. "ಅಕ್ಕಾ, ಹಲೋ, ಹಲೋ! ಇಲ್ಲಿ ಎಲ್ಲರೂ ಕೇಳ್ತಿದಾರೆ, ಊಟ ಎಷ್ಟು ಹೊತ್ತಿಗೆ?"

ಸುತ್ತೋಲೆಪ್ಪನವರು ಎದ್ದು ನಿಂತು ಎರಡೂ ಅಂಗೈಯನ್ನು ಬಾಯಿಗೆ ಹಿಡಿದು, ಮೂವತ್ತು ವರ್ಷ ಕಾಗದದ ಮೇಲೆ ಮಾತ್ರ ಆಡಿದ ಬಾಯನ್ನು ಪೂರ್ತಿ ತೆರೆದು ಕೂಗಿದರು. "ಇನ್ನೂ ನಿಧಾನಾ! ಇನ್ನೂ ನಿಧಾನ ಕಣಪ್ಪಾ!"

"ಏನು? ಕೇಳಿಸ್ಲಿಲ್ಲ ಭಾವಾ! ಅಕ್ಕಾ, ಭಾವ ಏನಂತಾರೆ?"

ಆಗ ಹೆಂಡತಿ ಎದ್ದರು. ನೀರಿನ ಅಂಚಿಗೆ ಹೋಗಿ, ಕೂತಿದ್ದ ಟ್ಯೂಬನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿ, ಯಾವ ಮೈಕೂ ಇಲ್ಲದೆ ಎರಡೂ ದಡಕ್ಕೆ ಕೇಳುವಂತೆ ಕೂಗಿದರು.

"ಕೌಂಟರ್ ಮುಚ್ಚಿದೆ!"

ದೋಣಿಯಲ್ಲಿ ಸೀಟಿಯೂ ನಿಂತಿತು. ದೋಣಿಯವನು ಒಂದು ಕ್ಷಣ ದಡ ನೋಡಿದ, ಒಂದು ಕ್ಷಣ ತನ್ನ ಹದಿನಾಲ್ಕು ಜನರನ್ನು ನೋಡಿದ. ಆಮೇಲೆ ಏನೂ ಕೇಳದೆ, ದೋಣಿಯನ್ನು ಬಂದ ದಾರಿಗೇ ತಿರುಗಿಸಿಕೊಂಡು, ಫೈಲು ಹೋಗುವಷ್ಟೇ ನಿಧಾನವಾಗಿ ಹೊರಟುಹೋದ.